ಗೀರು ಹಾಕಿದ ಸ್ಪ್ಯಾನರ್

ಮಗನೇ ಶ್ರೀಕಾಂತ,

ಕಿರಿಯರಿಗೆ ಬರೆಯುವಾಗ ಹೆಸರಿನ ಹಿಂದೆ ‘ಚಿರಂಜೀವಿ’ ಎಂದು ಸೇರಿಸುವುದು ನಮ್ಮ ಮನೆಯ ಪದ್ಧತಿ. ಈ ಸಲ ಸೇರಿಸಿಲ್ಲ. ಏಕೆಂದು ನಿನಗೆ ವಿವರಿಸಬೇಕಾಗಿಲ್ಲ. ಜ್ವರವೆಂದು ಮಲಗಿದ ನೀನು ಮತ್ತೆ ಏಳದೆ ಹೋದ ಮೇಲೆ, ಕೊಪ್ಪದ ನಿನ್ನ ಗ್ಯಾರೇಜನ್ನು ನಿನ್ನ ಜೊತೆಗಾರ ಮಂಜುನಾಥ ಒಬ್ಬನೇ ನಡೆಸುತ್ತಿದ್ದಾನೆ. ಅಂಗಡಿಯ ಕೋಣೆ ನನ್ನದು. ಅದನ್ನು ಗೊಬ್ಬರದ ಮಳಿಗೆಗೆ ಕೊಡಿರೆಂದು ನರಸಿಂಹರಾಜಪುರದ ವ್ಯಾಪಾರಿಯೊಬ್ಬರು ಕೇಳುತ್ತಿದ್ದರು. ಮಂಜನನ್ನು ಉಳಿಸಿಕೊಳ್ಳಬೇಕೋ, ಕಳಿಸಬೇಕೋ? ಆ ತೀರ್ಮಾನ ನನ್ನ ತಲೆಗೆ ಬಂದಿತ್ತು. ಅದನ್ನು ಹೇಗೆ ಮಾಡಿದೆನೆಂದು ತಿಳಿಯುವ ಹಕ್ಕು ನಿನಗಿದೆ.

ಕಳೆದ ಆಯುಧಪೂಜೆಯಂದು, ನೀನಿಲ್ಲದ ಮೊದಲ ಪೂಜೆಗೆ, ನಾನು ಗ್ಯಾರೇಜಿಗೆ ಹೋಗಿದ್ದೆ. ಬಾಳೆಎಲೆಯ ಮೇಲೆ ಸ್ಪ್ಯಾನರುಗಳನ್ನು ಸಾಲಾಗಿಟ್ಟು ಮಂಜ ಕುಂಕುಮ ಹಚ್ಚಿದ್ದ. ಕೈಮುಗಿಯುವ ಮೊದಲು ಅವನ್ನು ನೋಡಿದೆ. ಹೊಳಪಿನ ಪದರ ಎದ್ದುಹೋದವು, ಬಾಯಿ ಅಗಲವಾದವು, ನೆಟ್ಟಗೆ ಇರಲಾರದೆ ಬಾಗಿದವು. ನೀನು ಶಿವಮೊಗ್ಗದಿಂದ ತಂದು, ದಿನವೂ ಎಣ್ಣೆಬಟ್ಟೆಯಲ್ಲಿ ಒರೆಸಿಡುತ್ತಿದ್ದ ಆ ಒಳ್ಳೆಯ ಸೆಟ್ ಎಲ್ಲಿ ಹೋಯಿತು? ಅದರಲ್ಲಿ ಒಂದೂ ಅಲ್ಲಿರಲಿಲ್ಲ. ಸತ್ತವನ ಸಾಮಾನನ್ನು ಮಾರಿಕೊಂಡು, ಸಂತೆಯ ಮಾಲನ್ನು ದೇವರ ಮುಂದಿಟ್ಟಿದ್ದಾನೆಯೇ? ಬಾಯಿಬಿಟ್ಟು ಕೇಳಲಿಲ್ಲ. ಸಾಕ್ಷ್ಯ ಕೈಗೆ ಬರುವ ಮೊದಲು ನಮ್ಮ ಪ್ರಶ್ನೆ ಎದುರಾಳಿಗೆ ತಿಳಿಯಬಾರದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಅದನ್ನೇ.

ಆ ಸೆಟ್ಟನ್ನು ನೀನು ಮನೆಗೆ ತಂದ ಸಂಜೆ ನಮ್ಮಿಬ್ಬರ ನಡುವೆ ನಡೆದ ವಾದ ನೆನಪಿದೆಯೇ? ಬಿಗಿದ ನಟ್ಟನ್ನು ತಿರುಗಿಸುವುದು ಕೈಯ ಬಲ, ಸ್ಪ್ಯಾನರಿನ ಬೆಲೆಯಲ್ಲ, ನಟ್ಟಿಗೆ ಬೆಲೆ ತಿಳಿಯುವುದಿಲ್ಲ ಎಂಬುದು ನನ್ನ ಪಕ್ಷ. “ತಿಳೀತದೆ ಅಪ್ಪಯ್ಯ. ನಟ್ಟಿಗೇ ಮೊದ್ಲು ತಿಳಿಯೋದು” ಎಂದಿದ್ದೆ ನೀನು. ತಿಂಗಳು ಕಳೆಯುವುದರೊಳಗೆ ಪಂಪ್ ಬಿಚ್ಚಲೆಂದು ನಿನ್ನಿಂದ ಹದಿನಾಲ್ಕನೇ ನಂಬರಿನ ಸ್ಪ್ಯಾನರ್ ತರಿಸಿಕೊಂಡೆ. ಅದು ಜಾರಿತು, ನಟ್ಟಿನ ಮೂಲೆಗಳು ಸವೆದು ಗುಂಡಗಾದವು. “ಇದೇನಾ ನಿನ್ನ ಉತ್ತಮ ಮಾಲು?” ಎಂದು ಕೇಳಿದಾಗ ನೀನು ಸುಮ್ಮನೆ ನಕ್ಕು ಕೈ ತೊಳೆಯಲು ಎದ್ದುಹೋದೆ. ಸೋಲನ್ನು ಒಪ್ಪಿದ ನಗು ಅದೆಂದು ನಾನು ಭಾವಿಸಿದ್ದೆ.

ಮೊನ್ನೆ ನಿನ್ನ ಬೈಕನ್ನು ಗ್ಯಾರೇಜಿಗೆ ಒಯ್ದೆ. ಈಗ ಅದನ್ನು ಓಡಿಸುವವನು ನಾನು. ಹರಿಹರಪುರದ ಏರಿನಲ್ಲಿ ಚೈನ್ ಹಲ್ಲು ಹಾರಿ ಕಟಕಟ ಎನ್ನುತ್ತಿತ್ತು. ರಿಪೇರಿಯ ನೆಪದಲ್ಲಿ ಮಂಜನನ್ನು ಪರೀಕ್ಷಿಸುವುದು ನನ್ನ ಉದ್ದೇಶ. ಅವನ ಎದುರಿಗೇ ಸ್ಟೂಲ್ ಹಾಕಿಸಿಕೊಂಡು ಕುಳಿತೆ.

“ಸ್ಪ್ರಾಕೆಟ್ಟೂ ಹೋಗಿದೆ ಗೌಡ್ರೇ. ಹಿಂದಿಂದು, ಮುಂದಿಂದು, ಚೈನು, ಮೂರೂ ಒಟ್ಟಿಗೇ ಹಾಕ್ಬೇಕು.”

“ಚೈನ್ ಒಂದನ್ನೇ ಹಾಕಿದರೆ ಸಾಲದೇ?”

“ಸಾಲ್ತದೆ. ಸ್ವಲ್ಪ ದಿನ ಬಿಟ್ಟು ಮತ್ತೆ ಬನ್ನಿ, ನಂಗೆಂತ ಬೇಜಾರಿಲ್ಲ. ಹಳೇ ಹಲ್ಲು ಕೊಕ್ಕೆ ಆಗಿದೆ ನೋಡಿ. ಹೊಸ ಚೈನನ್ನ ತಿಂದು ಹಾಕ್ತದೆ.”

ಬಗ್ಗಿ ನೋಡಿದೆ. ಚೈನ್ ಕೂರುವ ಆ ಹಲ್ಲಿನ ಚಕ್ರದ ಹಲ್ಲುಗಳೆಲ್ಲ ಒಂದೇ ಕಡೆಗೆ ಚೂಪಾಗಿ ವಾಲಿದ್ದವು. ಅಷ್ಟರ ಮಟ್ಟಿಗೆ ಅವನ ಮಾತು ನಿಜ. ಎರಡು ಪೆಟ್ಟಿಗೆಗಳನ್ನು ತಂದು ನನ್ನ ಮುಂದಿಟ್ಟ. “ಇದು ಕಮ್ಮಿದು, ಇದು ಒಳ್ಳೇದು. ಗಾಡಿ ಮಾರೋರಿಗೆ ಕಮ್ಮಿದೇ ಸಾಕು. ಮಾರ್ತೀರಾ?”

“ಮಾರುವುದಿಲ್ಲ.”

“ಹಂಗಾದ್ರೆ ಕೇಳೋದೆಂತ” ಎಂದು ಅಗ್ಗದ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

ಹಿಂದಿನ ಚಕ್ರದ ದೊಡ್ಡ ನಟ್ಟು ತುಕ್ಕು ಹಿಡಿದಿತ್ತು. ಮಂಜ ಬಾಯಿ ಅಗಲವಾದ ಸ್ಪ್ಯಾನರೊಂದನ್ನು ಎತ್ತಿಕೊಂಡ, ನಟ್ಟಿಗೆ ಹಿಡಿದು ನೋಡಿದ, ಮತ್ತೆ ಕೆಳಗಿಟ್ಟ. ನನ್ನ ಮುಖ ನೋಡಿದ. “ಗೌಡ್ರೇ, ಎದುರು ಹೋಟ್ಲಲ್ಲಿ ಒಂದು ಚಾ ಕುಡ್ದು ಬನ್ನಿ.”

“ಬೇಡ.”

“ಬಿಸಿ ಬನ್ಸ್ ಮಾಡಿರ್ತಾರೆ ಈಗ.”

“ಬೇಡವೆಂದೆನಲ್ಲ.”

ಸರಿಯಾಗಿ ಆ ಗಳಿಗೆಯಲ್ಲೇ ನನ್ನನ್ನು ಹೊರಗೆ ಕಳಿಸುವ ಅವಸರ ಏಕೆ? ನನ್ನ ಅನುಮಾನಕ್ಕೆ ಇನ್ನೇನು ಸಾಕ್ಷ್ಯ ಬೇಕಿತ್ತು? ನಾನು ಅಲುಗಾಡದಿದ್ದುದನ್ನು ಕಂಡು ಅವನು ನಿಟ್ಟುಸಿರು ಬಿಟ್ಟು, ಗೋಡೆಯ ಬದಿಯ ಪೆಟ್ಟಿಗೆಯ ಮೇಲೆ ಹತ್ತಿ, ದೇವರ ಪಟದ ಹಿಂದೆ ಕೈಹಾಕಿ ಒಂದು ಬಟ್ಟೆಯ ಗಂಟನ್ನು ಇಳಿಸಿದ. ನಿನ್ನ ನೀಲಿ ಚೌಕಳಿ ಲುಂಗಿ. ಬಿಚ್ಚಿದರೆ ಒಳಗೆ ನಿನ್ನ ಸೆಟ್, ಒಂದೂ ಕಡಿಮೆಯಿಲ್ಲದೆ, ಎಣ್ಣೆ ಒರೆಸಿದ್ದು ಹಾಗೆಯೇ...

“ಇದನ್ನೇಕೆ ಬಚ್ಚಿಟ್ಟಿದ್ದೀಯ?”

“ನಾನಲ್ಲ ಮಾರಾಯ್ರೆ, ನಿಮ್ಮ ಮಗನೇ ಇಟ್ಟಿದ್ದು. ತೋಟಕ್ಕೆ ಔಷಧಿ ಹೊಡೆಯೋ ಕಾಲ ಬಂತು ಅಂದ್ರೆ ದಿನಾ ಒಬ್ರು ಬರ್ತಾರೆ, ಪಂಪ್ ಬಿಚ್ಬೇಕು, ಸ್ಪ್ಯಾನರ್ ಕೊಡು ಅಂತ. ಎಲ್ಲ ನೆಂಟ್ರು, ಗುರುತಿನೋರು. ಇಲ್ಲ ಅನ್ನೋಕಾಗ್ತದಾ? ಹೋದದ್ದು ವಾಪಸ್ ಬರೂದಿಲ್ಲ. ಅದ್ಕೇ ಕೊಡೋಕೆ ಅಂತ ಬೇರೆ ಸೆಟ್ ಮಾಡಿದ್ದ. ಪೂಜೆ ದಿನ ಊರೇ ಮಂಡಕ್ಕಿಗೆ ಬರ್ತದೆ, ಒಳ್ಳೇದನ್ನ ಹೊರಗಿಡ್ತೀವಾ?”

“ಇರಲಿ. ನನ್ನಿಂದ ಮರೆಮಾಡಲು ಕಾರಣ?”

ಮಂಜ ನಟ್ಟಿನ ಕಡೆಗೆ ತಿರುಗಿಕೊಂಡ. “ಅದನ್ನೊಂದು ಕೇಳ್ಬೇಡಿ.”

“ಹೇಳು.”

“ಕೊಡೋ ಸೆಟ್ ತಂದಿದ್ದೇ ನಿಮ್ಮ ದೆಸೆಯಿಂದ ಗೌಡ್ರೇ. ಅಪ್ಪಯ್ಯ ಕೇಳಿದ್ರೆ ಗೀರು ಇರೋದನ್ನೇ ಕೊಡು, ಆ ಗಂಟು ಮಾತ್ರ ತೋರಿಸ್ಬೇಡ ಅಂತಿದ್ದ. ಕೊಡೋದಕ್ಕೆಲ್ಲ ಹಿಡಿ ತುದೀಲಿ ಅರದಲ್ಲಿ ಒಂದು ಗೀರು ಎಳೆದಿದಾನೆ. ನಿಮ್ಮನೆ ಹದಿನಾಲ್ಕು ನಂಬರ್ ನೋಡ್ಕೊಳ್ಳಿ, ಇನ್ನೂ ಇದ್ರೆ.”

ನಾನು ತಕ್ಷಣ ನಂಬಲಿಲ್ಲ. ಸಿಕ್ಕಿಬಿದ್ದವನು ಹೆಣೆದ ಕಥೆಯೂ ಅದಾಗಿರಬಹುದಲ್ಲವೇ? ಮಾತು ಬಿಟ್ಟು ಅವನ ಕೈಯನ್ನೇ ನೋಡುತ್ತ ಕುಳಿತೆ. ನಿನ್ನ ಸ್ಪ್ಯಾನರ್ ನಟ್ಟನ್ನು ಕಚ್ಚಿ ಹಿಡಿಯಿತು, ಒಂದೇ ಎಳೆತಕ್ಕೆ ಸಡಿಲಿಸಿತು. ಒಂದು ಮೂಲೆಯೂ ಸವೆಯಲಿಲ್ಲ. ಚೈನಿನ ಎರಡು ತುದಿಗಳನ್ನು ಸೇರಿಸುವ ಲಾಕಿನ ಬಾಯಿ ಓಟದ ದಿಕ್ಕಿಗೆ ಇರಬಾರದೆಂದು ನೀನೊಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದೆ. ಮಂಜ ಅದನ್ನು ಕೂರಿಸಿದ ಮೇಲೆ ಕನ್ನಡಕ ಹಾಕಿಕೊಂಡು ಪರೀಕ್ಷಿಸಿದೆ. ಸರಿಯಾಗಿತ್ತು.

“ಪಾಸಾ ಗೌಡ್ರೇ?” ಎಂದ.

“ನೋಡೋಣ” ಎಂದೆ.

ಮನೆಗೆ ಬಂದವನು ಪಂಚೆ ಕೂಡ ಬದಲಿಸದೆ ಪಂಪ್ ಮನೆಗೆ ಹೋದೆ. ಹದಿನಾಲ್ಕನೇ ನಂಬರ್ ಅದೇ ಮೊಳೆಯಲ್ಲಿ ತೂಗುತ್ತಿತ್ತು. ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜಿದೆ. ಹಿಡಿಯ ತುದಿಯಲ್ಲಿ ನೇರವಾದ ಒಂದು ಗೀರು. ಹಾಗಾದರೆ ಅಂದು ನಕ್ಕು ಕೈ ತೊಳೆಯಲು ಹೋದ ನೀನು... ಒಂದು ಮಾತಿನಲ್ಲಿ ಗೆಲ್ಲಬಹುದಾಗಿದ್ದ ವಾದವನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟೆಯಲ್ಲ, ಏಕೆ? ಗೆದ್ದರೆ ಅಪ್ಪಯ್ಯನಿಗೆ ಆ ಒಳ್ಳೆಯ ಸೆಟ್ಟಿನಿಂದಲೇ ಕೊಡಬೇಕಾಗುತ್ತದೆಂದೇ? ಅಥವಾ...

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಕೋಣೆ ಕೊಡುವುದಿಲ್ಲವೆಂದು ನರಸಿಂಹರಾಜಪುರದವರಿಗೆ ನಿನ್ನೆ ಫೋನ್ ಮಾಡಿ ತಿಳಿಸಿದೆ. ಮಂಜ ಅಲ್ಲೇ ಇರುತ್ತಾನೆ, ಬೋರ್ಡಿನಲ್ಲಿ ನಿನ್ನ ಹೆಸರೂ ಇರುತ್ತದೆ. ಅವನ ಮೇಲೆ ಕಣ್ಣಿಡುವುದನ್ನು ಬಿಟ್ಟೆನೆಂದು ಮಾತ್ರ ಭಾವಿಸಬೇಡ. ಪ್ರತಿ ಆಯುಧಪೂಜೆಗೂ ಹೋಗುತ್ತೇನೆ, ದೇವರಿಗೆ ಕೈಮುಗಿದ ಮೇಲೆ ಪಟದ ಹಿಂದೆಯೂ ನೋಡುತ್ತೇನೆ.

ವಿಷಯ ತಿಳಿಸಿದಾಗ ಅವನು ಬೇರೇನೂ ಹೇಳದೆ, “ಹದಿನಾಲ್ಕು ನಂಬರ್ ಸಿಕ್ತಲ್ಲ, ಬರ್ತಾ ತನ್ನಿ ಮತ್ತೆ” ಎಂದ. ತರುವುದಿಲ್ಲವೆಂದೆ. ಮರಳಿ ಬರುವುದಿಲ್ಲವೆಂದು ತಿಳಿದೇ ನೀನು ಅದನ್ನು ಕೊಟ್ಟದ್ದು. ನಿನ್ನ ಅಪ್ಪಯ್ಯನ ಕುರಿತು ನೀನು ಕಟ್ಟಿದ ಅಂದಾಜು ಸುಳ್ಳಾಗಲು ನಾನು ಬಿಡುವುದಿಲ್ಲ. ಅದು ಆ ಮೊಳೆಯಲ್ಲೇ ಇರುತ್ತದೆ.

ನಿನ್ನ
ಅಪ್ಪಯ್ಯ