ಅವನ ಮಂಡಿಗೆ ಸ್ಕ್ಯಾನ್, ನನ್ನ ಮಂಡಿಗೆ ಚಪ್ಪಾಳೆ

ಸ್ಕ್ಯಾನಿಂಗ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದಿರೆಂದು ಬೀಗುವುದು ಬೇಡ. ನಿಮ್ಮ ಆಸ್ಪತ್ರೆಯಲ್ಲಿ ಒಂದೇ ದಿನ, ಒಬ್ಬರೇ ಸರ್ಜನ್ ಕೈಯಲ್ಲಿ, ಇಬ್ಬರಿಗೆ ಮಂಡಿಯ ಮೆನಿಸ್ಕಸ್ ಕಸಿ ಆಯಿತು. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಮೆತ್ತೆಯನ್ನು ನಮ್ಮ ಕೀಲಿನೊಳಗೆ ಇಟ್ಟು ಹೊಲಿದರು. ಪಕ್ಕದ ಹಾಸಿಗೆಯವನು ಫುಟ್‌ಬಾಲ್ ಆಟಗಾರ. ನಾನು ಶಿಶುವಿಹಾರದ ಟೀಚರ್. ಅವನಿಗೆ ಈಗಾಗಲೇ ಮೂರು ಸಲ ಎಂಆರ್‌ಐ ಆಗಿದೆ. ನನಗೆ ಒಂದೂ ಇಲ್ಲ. ಯಾಕೆ ಸ್ವಾಮಿ, ನನ್ನ ಮಂಡಿ ಏನು ಪಾಪ ಮಾಡಿದೆ?

ಕ್ರೀಡಾಪಟುಗಳಿಗೆ ಕಾಲಕಾಲಕ್ಕೆ ಸ್ಕ್ಯಾನ್, ಉಳಿದವರಿಗೆ ನೋವಿದ್ದರೆ ಮಾತ್ರ ಎಂಬುದು ನಿಮ್ಮ ನಿಯಮ. ಭಲೇ! ಆದರೆ ಸರ್ಜನ್ ಹೇಳುವುದೇ ಬೇರೆ: "ಒಳಗೆ ಮೆತ್ತೆ ಸರಿಯಾಗಿ ಕೂತಿದ್ಯಾ ಅಂತ ನೋಡದೆ ನಿಮ್ಮನ್ನ ನೆಲದ ಮೇಲೆ ಕೂರೋಕೆ ಬಿಡಲ್ಲಮ್ಮ." ನಾಲ್ಕು ವರ್ಷದ ಮಕ್ಕಳಿಗೆ ಪಾಠ ಹೇಳುವವಳು ನೆಲ ಬಿಟ್ಟು ಇನ್ನೆಲ್ಲಿ ಕೂರಬೇಕು? ನನ್ನ ಬದಲಿಗೆ ಬಂದಿರುವ ಹುಡುಗಿ ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ, ಮಕ್ಕಳು ಅವಳ ತೊಡೆಗಾಗಿ ಜಗಳವಾಡುತ್ತವೆ. ಕಳೆದ ವಾರ ಶಾಲೆಗೆ ನೋಡಲು ಹೋಗಿದ್ದೆ. ಹಿಂದೆ ನನ್ನ ಬೆರಳು ಬಿಡದೆ ಓಡಾಡುತ್ತಿದ್ದ ಪುಟಾಣಿಯೊಬ್ಬಳು ನನ್ನನ್ನು ದಿಟ್ಟಿಸಿ, "ಆಂಟಿ, ನೀವು ಯಾರ ಅಮ್ಮ?" ಎಂದಳು. ತಿಂಗಳೊಳಗೆ ನಾನು ಬರದಿದ್ದರೆ ಆ ಹುಡುಗಿಯನ್ನೇ ಕಾಯಂ ಮಾಡುವುದಾಗಿ ಮುಖ್ಯೋಪಾಧ್ಯಾಯಿನಿ ಹೇಳಿದ್ದಾರೆ.

ಇನ್ನು ನನಗೆ ನೋವಿಲ್ಲವೆಂದು ನೀವು ತೀರ್ಮಾನಿಸಿದ ಪರಿ ಕೇಳಿ. ವ್ಯಾಯಾಮದ ಕೋಣೆಯಲ್ಲಿ ಆಟಗಾರ ಒಂಟಿಕಾಲಲ್ಲಿ ನಿಂತ. ಫಿಸಿಯೋಥೆರಪಿಸ್ಟ್ "ಭೇಷ್, ಹೀರೋ!" ಎಂದರು. ನನಗೆ ತಡೆಯಲಾಗಲಿಲ್ಲ. ಆಪರೇಷನ್ ಆದ ಕಾಲಿನ ಮೇಲೇ ನಾನೂ ನಿಂತೆ. ಅವನು ಕಾಲು ಊರಿದ ಮೇಲೂ ನಿಂತೇ ಇದ್ದೆ, ಮುಖದಲ್ಲಿ ನಗು ಬೇರೆ. ಬಾಗಿಲಲ್ಲಿ ನೀವಿದ್ದಿರಿ, ಚಪ್ಪಾಳೆ ತಟ್ಟಿದಿರಿ. ನಾನು ಉಬ್ಬಿಹೋದೆ. ಮರುದಿನ ನನ್ನ ಸ್ಕ್ಯಾನ್ ಅರ್ಜಿ ವಾಪಸ್: "ರೋಗಿ ಆರಾಮಾಗಿರುವುದನ್ನು ಕಣ್ಣಾರೆ ಕಂಡಿದ್ದೇನೆ." ನೀವು ಕಣ್ಣಾರೆ ಕಂಡಿದ್ದು ನನ್ನ ಹಲ್ಲುಗಳನ್ನು ಸ್ವಾಮಿ, ಮಂಡಿಯ ಒಳಗನ್ನಲ್ಲ.

"ಹೋಗಿ ಅಯ್ಯಯ್ಯೋ ಅಂತ ಕಿರುಚು, ತಾವಾಗೇ ಮಾಡ್ತಾರೆ," ಎನ್ನುತ್ತಾರೆ ನಮ್ಮ ಯಜಮಾನರು. ನೋವೇನೋ ಇಲ್ಲ, ನಿಜ. ಆದರೆ ಸುಳ್ಳು ಹೊಟ್ಟೆನೋವು ಹೇಳುವ ಮಕ್ಕಳನ್ನು ಹಿಡಿಯುವುದೇ ನನ್ನ ಕಸುಬು. ಅದೇ ನಾಟಕವನ್ನು ಈಗ ನಾನು ಆಡಲೇ?

ಮೊನ್ನೆ ಆಟಗಾರ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ.

"ಏನಾಯ್ತೋ?"

"ಮಿಸ್, ಈ ಸಲದ ಸ್ಕ್ಯಾನಲ್ಲಿ ಮೆತ್ತೆ ಜಾಗ ಬಿಟ್ಟು ಸರಿದಿದೆಯಂತೆ. ಈ ವರ್ಷ ಆಟ ಇಲ್ಲ."

"ನೋವಿತ್ತಾ?"

"ಚೂರೂ ಇರ್ಲಿಲ್ಲ ಮಿಸ್. ಹಾಗೇ ಆಡಿದ್ರೆ ಪೂರ್ತಿ ಹರಿದೇಹೋಗ್ತಿತ್ತಂತೆ."

ಪಾಪ ಎನಿಸಿತು, ಬೆನ್ನು ಸವರಿದೆ. ಆದರೆ ನಿಜ ಹೇಳಲೇ? ಆಗಲೂ ನನ್ನ ಹೊಟ್ಟೆ ಉರಿಯಿತು. ಅವನಿಗೆ ಗೊತ್ತಾಯಿತಲ್ಲ! ಇನ್ನೊಬ್ಬರ ಕೆಟ್ಟ ಸುದ್ದಿಗೂ ಕರುಬುವ ಸ್ಥಿತಿಗೆ ನನ್ನನ್ನು ತಂದಿಟ್ಟಿದ್ದೀರಿ. ನೋವಿಲ್ಲದೆಯೂ ಸರಿಯುವ ಮೆತ್ತೆಯನ್ನು ನೋವು ಕೇಳಿ ಪತ್ತೆಹಚ್ಚುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ?

ಆದ್ದರಿಂದ ಕೇಳುತ್ತಿದ್ದೇನೆ. ನೋವಿರಲಿ, ಬಿಡಲಿ, ಕಸಿಯಾದ ಪ್ರತಿ ಮಂಡಿಯನ್ನೂ ಸ್ಕ್ಯಾನ್ ಮಾಡಿ ನೋಡಿ. ನನ್ನದನ್ನು ಈ ವಾರವೇ ನೋಡಿ. ಸರಿಯಿದ್ದರೆ ಶಾಲೆಗೆ ಓಡುತ್ತೇನೆ, ಕ್ಷಮಿಸಿ, ನಡೆದೇ ಹೋಗುತ್ತೇನೆ. ಸರಿದಿದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿ. ಯಾವ ಮಗು ಯಾತಕ್ಕೆ ಮುನಿಸಿಕೊಳ್ಳುತ್ತದೆ, ಯಾವುದನ್ನು ಹೇಗೆ ರಮಿಸಬೇಕು ಎಂದು ಆ ಹುಡುಗಿಗೆ ನಾನೇ ಹೇಳಿಕೊಟ್ಟು, ಅತ್ತು, ಮನೆಗೆ ಬರುತ್ತೇನೆ.

ಇಂತಿ,
ನಿಮ್ಮ ಬಾಗಿಲಾಚೆಯ ಬೆಂಚಿನಲ್ಲಿ ಕೂತಿರುವ,
ಸದ್ಯಕ್ಕಿನ್ನೂ ಟೀಚರ್ ಆಗಿರುವವಳು