ಕರಿ ಮೊಲದ ಎಂಟು ಬಿಳಿ ಕೂದಲು

ಭಾನುವಾರ, ಹದಿನಾಲ್ಕನೇ ತಾರೀಖು.

ತಂಗಿಯ ಮಗಳ ಕರಿ ಮೊಲಕ್ಕೆ ಇವತ್ತು ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ನನಗೆ ಊಟ ಸೇರಲಿಲ್ಲ.

ಕರಿ ತಳಿಯಲ್ಲಿ ಬಿಳಿ ಕೂದಲು ಕಂಡರೆ ಸ್ಪರ್ಧೆಯಿಂದ ಹೊರಗೆ. ಇದರ ಪಕ್ಕೆಯಲ್ಲಿ ಎಂಟಿದ್ದವು. ಅವಳ ಕಣ್ಣಿಗೆ ಬಿದ್ದಿರಲಿಲ್ಲ, ನನ್ನ ಹದ್ದಿನ ಕಣ್ಣಿಗೆ ಬಿದ್ದವು. ಬೆಳಿಗ್ಗೆ ಅವಳು ನೀರು ತರಲು ಹೋದಾಗ ಚಿಮಟದಿಂದ ಕಿತ್ತೆ. ತೀರ್ಪುಗಾರ ತುಪ್ಪಳವನ್ನು ಊದಿ ಊದಿ ನೋಡಿದರೂ ಗುರುತು ಸಿಗಲಿಲ್ಲ. ಅಂಥ ಕೈ ನನ್ನದು!

ದಾರಿಯಲ್ಲಿ ಅವಳು, “ಮಾವ, ನೀವು ಊರಿಗೆಲ್ಲ ಬುರುಡೆ ಬಿಡ್ತೀರಿ. ಮೊಲದ ವಿಷಯದಲ್ಲಿ ಮಾತ್ರ ನಿಮ್ಮನ್ನ ಕಣ್ಮುಚ್ಚಿ ನಂಬ್ತೀನಿ” ಅಂದಳು. ನಾನು ಜೇಬಿನ ಕರವಸ್ತ್ರ ಮುಟ್ಟಿ ನೋಡಿಕೊಂಡೆ. “ಯಾಕೆ, ಮೊಲ ನಾಲಿಗೆ ಕಚ್ತಾ?” ಅಂತ ನಕ್ಕಳು.

ಇನ್ನು ಇದರ ಮರಿಗಳನ್ನೇ ಬೆಳೆಸುತ್ತಾಳಂತೆ. ಉಳಿದ ಎರಡು ಹೆಣ್ಣು ಮೊಲಗಳನ್ನು ನಾಳೆ ಪಕ್ಕದ ತೋಟದವರಿಗೆ ಕೊಟ್ಟುಬಿಡುತ್ತಾಳಂತೆ. ಅಪ್ಪಟ ಕಪ್ಪು ಅವೆರಡೇ. ಇದರ ಮರಿಗಳಿಗೆ ಆ ಬಿಳಿ ಬರದೆ ಇರುವುದಿಲ್ಲ, ಎಷ್ಟು ಅಂತ ಕೀಳಲಿ?

ತೋಟದವರು ಬರುವ ಮೊದಲೇ ಅವಳಿಗೆ ಹೇಳಬೇಕು. ಎಂಟೂ ಕೂದಲು ಇನ್ನೂ ಕರವಸ್ತ್ರದಲ್ಲಿವೆ. ಬಾಯಿ ಬಾರದಿದ್ದರೆ ಅವನ್ನೇ ಅವಳ ಅಂಗೈಯಲ್ಲಿ ಇಡುತ್ತೇನೆ. ಆಮೇಲೆ ಅವಳು ನನ್ನನ್ನು ಮಾವ ಅಂತ ಕರೆಯುತ್ತಾಳೋ ಇಲ್ಲವೋ.