ಹೆಲ್ಮೆಟ್ ಹಾಕಿಸಿದ ಬೈಗುಳ

ಬಿಡದಿ, 14-8-2006

ಕಾಕಾ, ನಮಸ್ಕಾರ.

"ಭಾಷಾಶಾಸ್ತ್ರ ಕಲ್ತು ಏನ್ ಮಾಡ್ತಿ? ಕಾಲೇಜಿನ್ಯಾಗ ನೌಕರಿ ಸಿಗಲಿಲ್ಲಂದ್ರ ಮನ್ಯಾಗ ಕುಂದರ್ತಿ ಏನ?" ಎಂದು ಧಾರವಾಡ ಸ್ಟೇಷನ್‌ವರೆಗೂ ಬೈಯುತ್ತಾ ಬಂದಿರಲ್ಲ, ಈಗ ಕೇಳಿ. ಇಲ್ಲಿಯ ಹೊಸ ಕಾರ್ಖಾನೆಯಲ್ಲಿ ಮೈಕಿನ ಸೂಚನೆಗಳನ್ನು ಬರೆಯುವುದೇ ನನ್ನ ನೌಕರಿ. "ಕಾರ್ಮಿಕ ಬಂಧುಗಳೇ, ದಯವಿಟ್ಟು ಹೆಲ್ಮೆಟ್ ಧರಿಸಿ" ಎಂದು ಬರೆದೆ, ನಾನೇ ಓದಿದೆ. ಹದಿನೈದು ದಿನವಾದರೂ ಯಾರೂ ಧರಿಸಲಿಲ್ಲ. ಹೆಲ್ಮೆಟ್ಟಿನಲ್ಲಿ ಕಡಲೆಕಾಯಿ ತುಂಬಿಕೊಂಡು ತಿನ್ನುತ್ತಿದ್ದರು! ಮ್ಯಾನೇಜರು ನನ್ನನ್ನು ಊರಿಗೆ ಕಳಿಸುವ ಮಾತಾಡಿದರು.

ಅಷ್ಟರಲ್ಲಿ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ, ಇದೇ ಸೀಮೆಯ ಕೈಲಾಂಚ ಊರಿನ ಸಿದ್ದಮ್ಮ ಊಟದ ಸಾಲಿನವರನ್ನು ಗದರುವುದು ಕಿವಿಗೆ ಬಿತ್ತು. ಓಡಿಹೋಗಿ ಮೈಕು ಅವರ ಕೈಗಿಟ್ಟೆ.

"ಲೇ, ಟೋಪಿ ಇಕ್ಕೊಳ್ರಲಾ! ಬರೀ ತಲೆ ಬುಟ್ಕಂಡ್ ಬಂದೋರ್ಗೆ ಮುದ್ದೆ ಇಕ್ಕಾಕಿಲ್ಲ!"

ಐದೇ ನಿಮಿಷದಲ್ಲಿ ಎಲ್ಲರ ತಲೆಯ ಮೇಲೂ ಹೆಲ್ಮೆಟ್. ಮ್ಯಾನೇಜರೂ ಹಾಕಿಕೊಂಡೇ ಊಟಕ್ಕೆ ಕೂತರು, ಕೈ ತೊಳೆಯುವ ತನಕ ತೆಗೆಯಲಿಲ್ಲ.

ನೌಕರಿ ಉಳಿಯಿತು. ಆರೋಗ್ಯ ಚೆನ್ನಾಗಿದೆ, ಮುದ್ದೆ ನುಂಗುವುದನ್ನೂ ಕಲಿತೆ. ಆದರೆ ಹೋದ ಸೋಮವಾರ ಹುಬ್ಬಳ್ಳಿ ಕಡೆಯ ನಲವತ್ತು ಜನ ಕೆಲಸಕ್ಕೆ ಸೇರಿದ್ದಾರೆ. ಸಿದ್ದಮ್ಮ ಬೈದರೆ ಅವರು ನಗುತ್ತಾರೆ! ನಮ್ಮ ಕಡೆಯ ದನಿಯೇ ಬೇಕೆಂದು ಮ್ಯಾನೇಜರಿಗೆ ನಿಮ್ಮ ಹೆಸರು ಕೊಟ್ಟಿದ್ದೇನೆ. ಕೂಡಲೇ ಹೊರಡಿ, ರೈಲು ಖರ್ಚು ಕಂಪನಿಯದು. ಮೈಕು ಹಿಡಿದಾಗ ನನ್ನ ಭಾಷಾಶಾಸ್ತ್ರವನ್ನು ಒಮ್ಮೆ ನೆನೆಸಿಕೊಳ್ಳಿ, ದನಿ ತಾನಾಗಿ ಬರುತ್ತದೆ.

ಕಾರ್ಡು ತುಂಬಿತು.
ನಿಮ್ಮ ಅಣ್ಣನ ಮಗಳು,
ನೀಲಾ